ಕಾಗದದಲ್ಲಿ ಹೆಸರಿಲ್ಲದ ಆಮ್ಲ

ಮಾರ್ಚ್ 3

ಬೆಳಗ್ಗೆಯಿಂದ ಕೂತಿಲ್ಲ. ಮೂತ್ರ ಕಟ್ಟಿದ ಬೆಕ್ಕು ಒಂದು. ಸ್ಕೂಟರಿಗೆ ಸಿಕ್ಕಿದ ನಾಯಿಮರಿ ಒಂದು. ಡಬ್ಬಿಗಟ್ಟಲೆ ಚಾಕೊಲೇಟ್ ತಿಂದು, ಏನೂ ಗೊತ್ತಿಲ್ಲದವನಂತೆ ಬಾಲ ಆಡಿಸುತ್ತಿದ್ದ ಲ್ಯಾಬ್ರಡಾರ್ ಒಂದು. ಬೆಕ್ಕಿನ ಪೊಟ್ಯಾಶಿಯಂ ನೋಡಿ ಕಿರಿಯ ಡಾಕ್ಟರ್ ಬೆವತಳು. ಕೆಲಸಕ್ಕೆ ಸೇರಿ ಎರಡೇ ತಿಂಗಳು, ಪಾಪ. ಕ್ಯಾಥೆಟರ್ ಹೋಯಿತು, ಬೆಕ್ಕು ಉಳಿಯಿತು, ಉಳಿದ ತಕ್ಷಣ ಕಾಂಪೌಂಡರ್ ಕೈ ಪರಚಿತು. "ಥ್ಯಾಂಕ್ಸ್ ಹೇಳೋ ರೀತಿ ನೋಡಿ ಮೇಡಮ್ ಇದರದ್ದು" ಎಂದ.

ಬ್ಲಡ್ ಗ್ಯಾಸ್ ಮೆಷಿನ್ ಮುನಿಸಿಕೊಂಡಿತ್ತು. ತಟ್ಟಿ, ಬೈದು, ಮತ್ತೆ ಹಚ್ಚಿದ ಮೇಲೆ ಬಸ್ ಟಿಕೆಟ್ಟಿನಷ್ಟು ಕಾಗದ ಉಗುಳಿತು. ಕಿರಿಯಳಿಗೆ ಹೇಳಿಕೊಟ್ಟೆ — ಪಿಎಚ್ ನೋಡಿ ನಿಲ್ಲಬೇಡ. ರಕ್ತ ಹುಳಿಯಾಗಿದೆಯೇ ಇಲ್ಲವೇ ಎಂದಷ್ಟೇ ಅದು ಹೇಳುವುದು, ಯಾಕೆ ಎಂದು ಹೇಳುವುದಿಲ್ಲ. ಸೋಡಿಯಂ, ಪೊಟ್ಯಾಶಿಯಂ ಕೂಡಿಸು. ಅದರಲ್ಲಿ ಕ್ಲೋರೈಡ್, ಬೈಕಾರ್ಬನೇಟ್ ಕಳೆ. ಉಳಿದದ್ದು ಗ್ಯಾಪ್. ಸ್ವಲ್ಪ ಇದ್ದರೆ ಸಹಜ. ತುಂಬ ಇದ್ದರೆ ರಕ್ತದಲ್ಲಿ ಯಾವುದೋ ಆಮ್ಲ ಬಂದು ಕೂತಿದೆ, ಅದರ ಹೆಸರು ಈ ಕಾಗದದಲ್ಲಿಲ್ಲ. ಹುಡುಕುವುದು ನಮ್ಮ ಕೆಲಸ.

ಅವಳು ಅಂಗೈ ಮೇಲೆ ಬರೆದುಕೊಂಡಳು. ನಾನೂ ಹಾಗೇ ಮಾಡುತ್ತಿದ್ದೆ.

ಮಧ್ಯಾಹ್ನ ಪಕ್ಕದ ಬೀದಿಯ ಟೈಲರಮ್ಮ ಬಂದರು. ಸೆರಗಿನಲ್ಲಿ ಸುತ್ತಿಕೊಂಡ ಪುಟ್ಟ ಬಿಳಿ ನಾಯಿ, ಬೆಳ್ಳಿ. ಮೂರು ದಿನದಿಂದ ವಾಂತಿ, ನಿನ್ನೆಯಿಂದ ಮೂತ್ರ ಇಲ್ಲ. ಬಾಯಿ ವಾಸನೆಯಲ್ಲೇ ಗೊತ್ತಾಯಿತು — ಕಿಡ್ನಿ. ಪಿಎಚ್ 7.08. ಗ್ಯಾಪ್ ದೊಡ್ಡದು. ಕಿಡ್ನಿ ಕೆಟ್ಟರೆ ಗ್ಯಾಪ್ ಹಾಗಾಗುವುದೇ. ಆದರೆ ಕಿಡ್ನಿ ಯಾಕೆ ಕೆಟ್ಟಿತು? ನಾಯಿಗೆ ನಾಲ್ಕೇ ವರ್ಷ.

"ಏನಾದರೂ ತಿಂತಾ ಅಮ್ಮಾ? ಇಲಿ ಪಾಷಾಣ, ಮಾತ್ರೆ, ಏನಾದ್ರೂ?"

"ನಾನು ತಿಂದದ್ದೇ ಅದೂ ತಿನ್ನೋದು. ನನ್ನ ಮೆಷಿನ್ ಕೆಳಗೇ ಮಲಗಿರತ್ತೆ. ಬೆಳಗ್ಗೆ ಒಂದ್ಸಲ ಬೀದಿ ಸುತ್ತಿಕೊಂಡು ಬರತ್ತೆ, ಅಷ್ಟೇ."

ಡ್ರಿಪ್ ಹಾಕಿದ್ದೇವೆ. ಆಸೆ ಕಡಿಮೆ.

ಮಾರ್ಚ್ 4

ಬೆಳ್ಳಿ ಹೋಯಿತು. ಹನ್ನೊಂದರ ಹೊತ್ತಿಗೆ ಫಿಟ್ಸ್ ಬಂತು, ನಿಲ್ಲಲಿಲ್ಲ.

ಟೈಲರಮ್ಮ ಅಳಲಿಲ್ಲ. ಬೆಂಚಿನ ಮೇಲೆ ಕೂತು ಒಂದೇ ಮಾತು. "ನಾನೇನು ಮಾಡ್ದೆ ಡಾಕ್ಟ್ರೇ? ಎಲ್ಲಿ ತಪ್ಪು ಮಾಡ್ದೆ?" ನೀವೇನೂ ಮಾಡಿಲ್ಲ ಎಂದೆ. ಅವರಿಗೆ ಅದು ಉತ್ತರವಲ್ಲ. ಅವರ ಬ್ಲೌಸಿಗೆ ಚುಚ್ಚಿಕೊಂಡ ಸೂಜಿಯಲ್ಲಿ ಇನ್ನೂ ದಾರ ಇತ್ತು.

ಕೇಸ್ ಶೀಟಿನಲ್ಲಿ ಬರೆದದ್ದು: ಕಿಡ್ನಿ ವೈಫಲ್ಯ, ಕಾರಣ ತಿಳಿದಿಲ್ಲ.

ಮಾರ್ಚ್ 9

ಇವತ್ತಿನದನ್ನು ಬರೆದಿಡಬೇಕು.

ಎಂಟು ಗಂಟೆಗೆ ಪೋಸ್ಟ್‌ಮ್ಯಾನ್ ತನ್ನ ನಾಯಿಯನ್ನು ಸೈಕಲ್ ಮೇಲೆ ಹೇರಿಕೊಂಡು ಬಂದ. ಎಳೆ ವಯಸ್ಸಿನ ಕಂದು ನಾಯಿ. ನಿಲ್ಲಿಸಿದರೆ ತೂರಾಡುತ್ತಿತ್ತು. ಕಾಲು ಒಂದು ಕಡೆ, ತಲೆ ಒಂದು ಕಡೆ. ಬೆಂಚಿನಲ್ಲಿದ್ದವರು ನಕ್ಕರು — ಯಾರೋ ಕುಡಿಸಿದ್ದಾರೆ ಎಂದು. ಪೋಸ್ಟ್‌ಮ್ಯಾನ್ ಕೂಡ ಸ್ವಲ್ಪ ನಕ್ಕ. ನನಗೆ ಅದರ ಉಸಿರು ನೋಡಿ ನಗು ಬರಲಿಲ್ಲ. ಆಳವಾಗಿ, ಬಿಡದೆ, ಓಡಿ ಬಂದವನ ಹಾಗೆ ಉಸಿರು. ಓಡಿರಲಿಲ್ಲ. ರಕ್ತದ ಹುಳಿಯನ್ನು ಶ್ವಾಸದಿಂದ ಆಚೆ ಹಾಕುತ್ತಿತ್ತು.

ಪಿಎಚ್ 7.15. ಬೈಕಾರ್ಬನೇಟ್ ಒಂಬತ್ತು. ಗ್ಯಾಪ್ ಮೂವತ್ತನ್ನು ದಾಟಿದೆ. ಲ್ಯಾಕ್ಟೇಟ್ ಸರಿ. ಸಕ್ಕರೆ ಸರಿ, ಕೀಟೋನ್ ಇಲ್ಲ. ಕಿಡ್ನಿ — ಈ ಸಲ ಕಿಡ್ನಿ ಇನ್ನೂ ಚೆನ್ನಾಗಿದೆ. ಕಿರಿಯಳು ಒಂದೊಂದೇ ಬೆರಳು ಮಡಿಸಿದಳು. ಎಲ್ಲ ಮಡಿಸಿಯಾಯಿತು. ನನ್ನ ಮುಖ ನೋಡಿದಳು.

"ಮೂತ್ರ ತೆಗಿ" ಎಂದೆ. ಮೈಕ್ರೊಸ್ಕೋಪಿನಲ್ಲಿ ಹರಳು. ಒಂದೆರಡಲ್ಲ, ಚೆಲ್ಲಿದ ಹಾಗೆ. ಉದ್ದುದ್ದ, ಮೊನೆ ಮೊನೆ.

ಕೂಲೆಂಟ್. ರೇಡಿಯೇಟರಿಗೆ ಹಾಕುವ ಹಸಿರು ನೀರು. ಸಿಹಿಯಾಗಿರುತ್ತದೆ, ನಾಯಿ ಬೆಕ್ಕು ನೆಕ್ಕುತ್ತವೆ. ಮೊದಲು ಅಮಲು. ಆಮೇಲೆ ಲಿವರ್ ಅದನ್ನು ಆಮ್ಲ ಮಾಡುತ್ತದೆ, ಆ ಆಮ್ಲ ಕಿಡ್ನಿಯಲ್ಲಿ ಹರಳಾಗಿ ಕೂರುತ್ತದೆ. ಬೆಳ್ಳಿ ಬಂದದ್ದು ಕೊನೆಯ ಹಂತದಲ್ಲಿ. ಅದಕ್ಕೇ ನನಗೆ ಬರೀ ಕಿಡ್ನಿ ಕಂಡಿತು.

ಸರಿಯಾದ ಮದ್ದು ನಮ್ಮಲ್ಲಿಲ್ಲ. ತರಿಸಿದರೂ ಬರಲು ವಾರ. ಇರುವ ದಾರಿ ಒಂದೇ, ಸಾರಾಯಿ. ಲಿವರಿಗೆ ಅದನ್ನು ಕೊಟ್ಟರೆ ಅದರಲ್ಲೇ ಮುಳುಗಿ ಕೂಲೆಂಟನ್ನು ಮುಟ್ಟುವುದಿಲ್ಲ, ಅದು ಮೂತ್ರದಲ್ಲಿ ಹಾಗೇ ಹೋಗುತ್ತದೆ. ಕಾಂಪೌಂಡರನ್ನು ವೋಡ್ಕಾ ತರಲು ಕಳಿಸಿದೆ. "ಜನ್ಮದಲ್ಲಿ ಆ ಅಂಗಡಿ ಮೆಟ್ಟಿಲು ಹತ್ತಿಲ್ಲ ಮೇಡಮ್" ಎಂದು ಗೊಣಗುತ್ತ ಹೋದ. ಪೇಪರಿನಲ್ಲಿ ಸುತ್ತಿ ತಂದ. ಅಂಗಡಿಯವನು ಬೆಳಗ್ಗೆ ಬೆಳಗ್ಗೇನೇ ಎಂದು ಕೇಳಿದನಂತೆ. "ನಾಯಿಗೆ ಅಂದೆ. ಇನ್ನೂ ಜೋರಾಗಿ ನಕ್ಕ."

ಅಳತೆ ಮಾಡಿ ಬೆರೆಸಿ ಡ್ರಿಪ್ಪಿಗೆ ಹಾಕಿದೆ. ಸಂಜೆಯವರೆಗೂ ಅದರ ಪಕ್ಕದಲ್ಲೇ ಇದ್ದೆ. ಮೂತ್ರ ಬರುತ್ತಿದೆ. ಬರುತ್ತಲೇ ಇದೆ. ಇದಕ್ಕಿಂತ ಒಳ್ಳೆಯ ಸದ್ದಿಲ್ಲ.

ಮಾರ್ಚ್ 10

ನಾಯಿ ಎದ್ದು ನಿಂತಿದೆ. ತಲೆ ನೋಯುತ್ತಿರುವವರ ಹಾಗೆ ಎಲ್ಲರನ್ನೂ ಸಿಟ್ಟಿನಿಂದ ನೋಡುತ್ತಿದೆ. ಪಿಎಚ್ ಸರಿಹೋಗುತ್ತಿದೆ.

ಪೋಸ್ಟ್‌ಮ್ಯಾನ್ ಬಂದ. ಎಲ್ಲಿ ಏನು ನೆಕ್ಕಿತು, ನೆನಪು ಮಾಡಿಕೊ ಎಂದೆ. ಅವನು ತಲೆ ಕೆರೆಯಲೂ ಇಲ್ಲ.

"ನನ್ನ ಜೊತೆ ಬೀದಿ ಬೀದಿ ಸುತ್ತತ್ತೆ ಮೇಡಮ್. ಆ ಬಸ್ ಗ್ಯಾರೇಜ್ ಹಿಂದೆ ಗಲ್ಲಿ ಇದ್ಯಲ್ಲ, ಅಲ್ಲಿ ಮೋರಿ ಕಟ್ಟಿಕೊಂಡು ಹಸಿರು ನೀರು ನಿಂತಿತ್ತು. ನೆಕ್ತಾ ಇತ್ತು. ನಾನೇ ಎಳ್ಕೊಂಡು ಬಂದೆ."

"ಯಾವ ಗ್ಯಾರೇಜ್?" ಎಂದೆ. ಗೊತ್ತಿದ್ದೂ ಕೇಳಿದೆ.

ಟೈಲರಮ್ಮನ ಮನೆಯೂ ಆ ಗಲ್ಲಿಯ ತುದಿಯಲ್ಲೇ.

ಆ ಗ್ಯಾರೇಜ್ ಅಣ್ಣನದು.

ಅದೇ ದಿನ, ಸಂಜೆ

ಅಣ್ಣ ಸ್ಕೂಲ್ ಬಸ್ಸಿನ ಅಡಿಯಲ್ಲಿದ್ದ. ಕಾಲು ಮಾತ್ರ ಕಾಣುತ್ತಿತ್ತು. ಆ ಶಾಲೆಯ ಅಷ್ಟೂ ಬಸ್ಸುಗಳ ಕೆಲಸ ಹೋದ ತಿಂಗಳು ಸಿಕ್ಕಿದೆ. ನಾಲ್ಕು ವರ್ಷ ಅಲೆದದ್ದಕ್ಕೆ ಸಿಕ್ಕಿದ್ದು. ಅವತ್ತು ಅತ್ತಿಗೆ ಕಣ್ಣೊರೆಸಿಕೊಂಡಿದ್ದರು. ಗ್ಯಾರೇಜಿನ ನಾಯಿ, ಹೆಸರು ನಟ್ಟು, ಟೈರಿನೊಳಗೆ ಸುರುಳಿ ಸುತ್ತಿ ಮಲಗಿತ್ತು, ನನ್ನನ್ನು ಕಂಡು ಬಾಲದಿಂದ ಟೈರ್ ಬಡಿಯಿತು.

"ಅಣ್ಣ, ಹಳೇ ಕೂಲೆಂಟ್ ಎಲ್ಲಿಗೆ ಬಿಡ್ತೀಯ?"

"ಮೋರಿಗೆ. ಇನ್ನೆಲ್ಲಿಗೆ? ಬಣ್ಣದ ನೀರು ತಾನೆ ಅದು."

ಹೇಳಿದೆ. ಬೆಳ್ಳಿಯ ಸಾವು, ಪೋಸ್ಟ್‌ಮ್ಯಾನ್ ನಾಯಿ, ಹರಳು, ಎಲ್ಲ. ಮಲಗಿದ್ದ ಗಾಲಿ ಹಲಗೆ ಸರಿಸಿಕೊಂಡು ಈಚೆ ಬಂದ. ಕೂತೇ ಕೇಳಿದ. ಮೊದಲು ನಗುವಿತ್ತು, ಆಮೇಲೆ ಹೋಯಿತು.

"ಇಪ್ಪತ್ತು ವರ್ಷದಿಂದ ಬಿಡ್ತಾ ಇದೀನಿ. ಈಗ ಸಾಯೋಕೆ ಶುರುವಾಯ್ತಾ?"

"ಆಗ ಒಂದೋ ಎರಡೋ ಕಾರು. ಈಗ ಅಷ್ಟೂ ಬಸ್ಸಿನ ರೇಡಿಯೇಟರ್ ಒಟ್ಟಿಗೆ ತೊಳೀತಿದೀಯ."

"ಊರಲ್ಲಿ ಇರೋದು ನಂದೊಂದೇ ಗ್ಯಾರೇಜಾ? ಆ ಪೋಸ್ಟ್‌ಮ್ಯಾನ್ ಏನೋ ಹೇಳ್ದ, ನೀನು ಕುಣ್ಕೊಂಡು ಬಂದೆ. ಈ ಮಾತು ಶಾಲೆಯವರ ಕಿವಿಗೆ ಬಿದ್ರೆ ಏನಾಗತ್ತೆ ಗೊತ್ತಾ?"

ಕೆಲಸದವರು ಸ್ಪಾನರ್ ಹಿಡಿದು ಹಾಗೇ ನಿಂತಿದ್ದರು. ಅಪ್ಪ ತೀರಿಕೊಂಡಾಗ ಅವನಿಗೆ ಹದಿನೇಳು. ನನ್ನ ಮೊದಲ ಸ್ಟೆತಾಸ್ಕೋಪಿನ ಟ್ಯೂಬ್ ಹರಿದಾಗ ಇದೇ ಗ್ಯಾರೇಜಿನ ರಬ್ಬರ್ ಪೈಪ್ ಕತ್ತರಿಸಿ ಹಾಕಿಕೊಟ್ಟವನು. ಅದರಲ್ಲಿ ಎದೆಬಡಿತಕ್ಕಿಂತ ಪೆಟ್ರೋಲ್ ವಾಸನೆ ಹೆಚ್ಚು ಬರುತ್ತಿತ್ತು. ಅವನ ಮುಂದೆ ನಿಂತು ನೀನೇ ಕೊಂದೆ ಎನ್ನಲು ನಾಲಿಗೆ ಏಳಲಿಲ್ಲ.

"ಯಾರಿಗೂ ಹೇಳಲ್ಲ. ಮೋರಿಗೆ ಮಾತ್ರ ಬಿಡ್ಬೇಡ ಅಣ್ಣ. ಬ್ಯಾರೆಲ್‌ಗೆ ತುಂಬು. ನೆಲದಲ್ಲಿ ಚೆಲ್ಲಿರೋದನ್ನ ಬಟ್ಟೆ ಹಾಕಿ ಒರೆಸ್ಬಿಡು."

"ಆಯ್ತು ಡಾಕ್ಟ್ರಮ್ಮ" ಎಂದ. ಎಂದಿನಂತೆ ಪುಟ್ಟಿ ಎನ್ನಲಿಲ್ಲ. ಮತ್ತೆ ಬಸ್ಸಿನ ಅಡಿಗೆ ಜಾರಿದ.

ಮಾರ್ಚ್ 11

ನಾನಿರುವುದು ಅಣ್ಣನ ಮನೆಯ ಮಹಡಿಯಲ್ಲಿ. ಕೆಳಗೆ ತಟ್ಟೆ ಇಟ್ಟ ಸದ್ದೂ ಕೇಳುತ್ತದೆ. ಇವತ್ತು ಕೆಳಗೆ ಮಾತಿಲ್ಲ.

ಅತ್ತಿಗೆ ಮೇಲೆ ಬಂದರು. ಒಗೆದ ಬಟ್ಟೆ ಕೊಡುವ ನೆಪ. "ನಿಮ್ಮಣ್ಣ ಊಟ ಅರ್ಧಕ್ಕೇ ಎದ್ರು. ಆದ್ರೂ ಬೆಳಗ್ಗೆ ಬ್ಯಾರೆಲ್ ತರ್ಸಿದಾರೆ. ಮೋರಿಗೆ ನೀರು ಬಿಟ್ಟು ಬಿಟ್ಟು ತೊಳ್ಸಿದ್ರು. ನೀನು ಹೇಳಿದ್ದು ನಾಟಿದೆ, ಒಪ್ಕೊಳಲ್ಲ ಅಷ್ಟೇ."

ಸ್ವಲ್ಪ ಉಸಿರು ಬಂತು.

ಮಾರ್ಚ್ 12

ಟೈಲರಮ್ಮ ಬಂದಿದ್ದರು. ಬೆಳ್ಳಿಯ ಕತ್ತಿನ ಪಟ್ಟಿ ಇಲ್ಲೇ ಉಳಿದಿತ್ತಂತೆ. ಕೊಟ್ಟೆ. ಹೋಗಲಿಲ್ಲ. ಬಾಗಿಲ ಹತ್ತಿರ ನಿಂತರು.

"ಪೋಸ್ಟ್‌ಮ್ಯಾನ್ ನಾಯಿಗೂ ಹೀಗೇ ಆಗಿತ್ತಂತೆ. ಅದು ಉಳೀತಂತೆ. ಏನು ಅಂತ ಗೊತ್ತಾಯ್ತಾ ಡಾಕ್ಟ್ರೇ?"

"ಇನ್ನೂ ಇಲ್ಲಮ್ಮ" ಎಂದೆ.

ಕಿರಿಯಳು ಪಕ್ಕದಲ್ಲೇ ಸಿರಿಂಜ್ ಜೋಡಿಸುತ್ತಿದ್ದಳು. ಕೈ ನಿಂತಿತು. ತಲೆ ಎತ್ತಲಿಲ್ಲ. ಪೋಸ್ಟ್‌ಮ್ಯಾನಿಗೂ ಏನೋ ವಿಷ ಎಂದಷ್ಟೇ ಹೇಳಿದ್ದೇನೆ.

"ಗೊತ್ತಾದ್ರೆ ಹೇಳಿ" ಎಂದರು ಟೈಲರಮ್ಮ. "ನಾನು ಹಾಕಿದ ಅನ್ನದಿಂದ ಅಲ್ಲ ಅಂತ ಗೊತ್ತಾದ್ರೆ ಸಾಕು. ಒಲೆ ಮುಂದೆ ನಿಂತ್ರೆ ಅದೇ ಯೋಚನೆ."

ಅಲ್ಲ ಎಂದು ಆಗಲೇ ಹೇಳಬಹುದಿತ್ತು. ಹೇಳಿದರೆ ಮತ್ತೆ ಯಾವುದರಿಂದ ಎಂದು ಕೇಳುತ್ತಾರೆ. ಬಾಯಿಗೆ ಬೀಗ. ಥೂ.

ಮಾರ್ಚ್ 14, ಬೆಳಗ್ಗೆ 9

ಅಣ್ಣ ನಟ್ಟುವನ್ನು ತೋಳಲ್ಲಿ ಎತ್ತಿಕೊಂಡು ಬಂದ. ಅವತ್ತಿನ ಮಾತಿನ ಮೇಲೆ ಮೊದಲ ಸಲ ಮುಖ ನೋಡಿದ್ದು. "ನಿನ್ನೆ ಮಧ್ಯಾಹ್ನದಿಂದ ವಾಂತಿ. ಹೊಟ್ಟೆ ಕೆಟ್ಟಿರ್ಬೇಕು ಅಷ್ಟೇ. ಏನಾದ್ರೂ ಚುಚ್ಚಿ ಕಳ್ಸು, ಬಸ್ ಕಾಯ್ತಿದೆ."

ಕಿರಿಯಳು ರಕ್ತ ತೆಗೆದಳು. ಕಾಗದ ಬಂತು. ಅವಳ ಮುಖ ಅರಳಿತು. "ಪಿಎಚ್ 7.39 ಮೇಡಮ್. ಬೈಕಾರ್ಬ್ ಇಪ್ಪತ್ತೊಂದು. ಕಾರ್ಬನ್ ಡೈಆಕ್ಸೈಡ್ ಕೂಡ ಸರಿ ಇದೆ. ಎಲ್ಲ ನಾರ್ಮಲ್."

ಅಣ್ಣ ಆಗಲೇ ಅದನ್ನು ಎತ್ತಿಕೊಳ್ಳಲು ಬಗ್ಗಿದ.

ನಟ್ಟು ನನ್ನನ್ನು ನೋಡಿ ಬಾಲ ಆಡಿಸಿರಲಿಲ್ಲ. ಕಣ್ಣು ಗುಳಿ. ಕಾಗದ ಕೈಗೆ ತಗೊಂಡೆ. ಕ್ಲೋರೈಡ್ 88. ತುಂಬ ಕೆಳಗೆ. ಕೂಡಿಸಿ ಕಳೆದೆ. ಗ್ಯಾಪ್ ನಲವತ್ತು. ಮತ್ತೆ ಮಾಡಿದೆ. ನಲವತ್ತೇ.

ಹೊಟ್ಟೆಯ ಆಮ್ಲವೆಲ್ಲ ವಾಂತಿಯಲ್ಲಿ ಹೋಗಿ ರಕ್ತವನ್ನು ಒಂದು ಕಡೆ ಎಳೆಯುತ್ತಿದೆ. ಇನ್ನೊಂದು ಆಮ್ಲ ಅಷ್ಟೇ ಬಲವಾಗಿ ಈ ಕಡೆ ಎಳೆಯುತ್ತಿದೆ. ನಡುವೆ ಪಿಎಚ್ ಮಿಸುಕಾಡದೆ ನಿಂತಿದೆ.

"ಅಣ್ಣ, ಇದು ಕೂಲೆಂಟ್ ನೆಕ್ಕಿದ್ಯಾ?"

"ಎಲ್ಲಿಂದ ನೆಕ್ಕತ್ತೆ? ಬ್ಯಾರೆಲ್‌ಗೆ ಮುಚ್ಚಳ ಹಾಕಿದೀನಿ. ಮೋರಿ ಒಣಗಿದೆ, ಬಂದು ನೋಡು ಬೇಕಾದ್ರೆ. ನಾರ್ಮಲ್ ಅಂತ ಆ ಡಾಕ್ಟ್ರೇ ಹೇಳಿದ್ರಲ್ಲ."

"ಒಂದು ಬಸ್ಸನ್ನ ನಾಲ್ಕು ಜನ ಮುಂದಿಂದ, ನಾಲ್ಕು ಜನ ಹಿಂದಿಂದ ತಳ್ಳಿದ್ರೆ ಏನಾಗತ್ತೆ?"

"ನಿಂತಲ್ಲೇ ಇರತ್ತೆ."

"ನೋಡಿದವರು ಪಾರ್ಕ್ ಮಾಡಿದೆ ಅಂದ್ಕೋತಾರೆ. ಇದೂ ಹಾಗೇ ನಿಂತಿರೋದು."

ಅವನು ನಟ್ಟುವನ್ನು ಮತ್ತೆ ಮೇಜಿನ ಮೇಲೆ ಮಲಗಿಸಿದ. ಮೂತ್ರ ಒಂದೇ ಹನಿ ಸಿಕ್ಕಿತು. ಅದರ ತುಂಬ ಹರಳು.

ಅದೇ ದಿನ, ಮಧ್ಯಾಹ್ನ 1

ಸ್ಕ್ಯಾನಿನಲ್ಲಿ ಜಠರದ ಬಾಯಿಗೆ ಏನೋ ಗಂಟು ಸಿಕ್ಕಿಕೊಂಡಿತ್ತು. ವಾಂತಿ ನಿಲ್ಲದೆ ಇದ್ದದ್ದು ಅದಕ್ಕೇ. ವೋಡ್ಕಾ ಡ್ರಿಪ್ ಹಚ್ಚಿದೆವು. ನಿನ್ನೆಯಿಂದ ಒಳಗಿದೆ, ಹೊತ್ತು ಮೀರಿದೆ ಎಂದು ಗೊತ್ತಿದ್ದೂ ಹಚ್ಚಿದೆವು. ಹೊಟ್ಟೆ ತೆರೆದೆ. ಈಚೆ ಬಂದದ್ದು ಬಟ್ಟೆ. ಬನಿಯನ್ ಚಿಂದಿ, ಅಂಗೈಯಗಲದ್ದು, ಸುರುಳಿ ಸುತ್ತಿಕೊಂಡು. ಗ್ರೀಸ್ ಕಪ್ಪು, ನಡುವೆ ಇನ್ನೂ ಹಸಿರು.

ಸ್ಟೀಲ್ ಟ್ರೇಯಲ್ಲಿಟ್ಟು ಹೊರಗೆ ಒಯ್ದೆ. ಅಣ್ಣ ಬೆಂಚಿನಿಂದ ಎದ್ದ.

"ನಮ್ಮ ಒರೆಸೋ ಬಟ್ಟೆ" ಎಂದ. ಟ್ರೇಯ ಅಂಚು ಹಿಡಿದು, "ನೆಲ ಒರೆಸಿ ಮೂಲೆಗೆ ಗುಡ್ಡೆ ಹಾಕಿದ್ವಿ. ಸಿಹಿ ಇತ್ತಲ್ವಾ... ಅದಕ್ಕೇ ನುಂಗಿದಾನೆ."

ಒರೆಸು ಎಂದವಳು ನಾನು. ಒರೆಸಿದ್ದನ್ನು ಏನು ಮಾಡಬೇಕೆಂದು ಹೇಳಲಿಲ್ಲ.

ಅದೇ ದಿನ, ಸಂಜೆ 6

ಬಟ್ಟೆ ತೆಗೆದ ಮೇಲೆ ವಾಂತಿ ನಿಂತಿತು. ಒಂದು ಕಡೆಯ ಎಳೆತ ಹೋಯಿತು. ಉಳಿದದ್ದು ಆಮ್ಲ ಮಾತ್ರ. ಎರಡು ಗಂಟೆಗೆ ಪಿಎಚ್ 7.12, ಬೈಕಾರ್ಬ್ ಒಂಬತ್ತು. ನಟ್ಟುವಿನ ಎದೆ ತಿದಿಯ ಹಾಗೆ ಒತ್ತುತ್ತಿತ್ತು. ಒತ್ತಲಿ, ಅದೇ ಜೀವ ಕಾಯುತ್ತಿರುವುದು ಎಂದುಕೊಂಡೆ.

ಮೂರೂವರೆಗೆ ಉಸಿರು ನಿಧಾನವಾಯಿತು. ಕಿರಿಯಳು ಹೊಸ ಕಾಗದ ತಂದಳು. ಈ ಸಲ ನಗಲಿಲ್ಲ, ಕಲಿತಿದ್ದಾಳೆ. "ಕಾರ್ಬನ್ ಡೈಆಕ್ಸೈಡ್ ನಾರ್ಮಲ್‌ಗೆ ಬಂದಿದೆ ಮೇಡಮ್. ನಲವತ್ತೊಂದು. ಬರಬಾರದಲ್ವಾ?"

ಬರಬಾರದು. ಇಷ್ಟು ಹುಳಿ ರಕ್ತದಲ್ಲಿ ಅದು ಇಪ್ಪತ್ತೆಂಟರ ಹತ್ತಿರ ಇರಬೇಕು. ನಾರ್ಮಲ್ ಆಗಿದೆ ಎಂದರೆ ಪ್ರಾಣಿ ಸೋತಿದೆ, ಉಸಿರಾಡಿ ಉಸಿರಾಡಿ ದಣಿದಿದೆ. ಪಿಎಚ್ ಏಳಕ್ಕಿಂತ ಕೆಳಗೆ.

"ಬೈಕಾರ್ಬ್ ಕೊಡೋಣ್ವಾ?"

"ಉಸಿರು ಮೊದಲು. ಬೈಕಾರ್ಬ್ ಒಳಗೆ ಹೋಗಿ ಗ್ಯಾಸ್ ಆಗತ್ತೆ. ಆ ಗ್ಯಾಸನ್ನ ಆಚೆ ಹಾಕೋ ಶಕ್ತಿ ಇದಕ್ಕಿಲ್ಲ."

ಗಂಟಲಿಗೆ ಟ್ಯೂಬ್ ಹಾಕಿದೆ. ವೆಂಟಿಲೇಟರ್ ರಿಪೇರಿಗೆ ಹೋಗಿ ಯಾವ ಕಾಲವಾಯಿತೋ. ಕೈಯಲ್ಲೇ ಗಾಳಿ ಬ್ಯಾಗ್ ಒತ್ತಬೇಕು. ಕಾಂಪೌಂಡರ್ ಒತ್ತಿದ, ಕಿರಿಯಳು ಒತ್ತಿದಳು. ಅಷ್ಟರಲ್ಲಿ ಗಾಡಿಗೆ ಸಿಕ್ಕಿದ ಇನ್ನೊಂದು ನಾಯಿ ಬಂತು, ಇಬ್ಬರೂ ಓಡಬೇಕಾಯಿತು. ಬಾಗಿಲಲ್ಲಿ ಅಣ್ಣ.

"ಕೊಡು ನಂಗೆ."

"ಮೆತ್ತಗೆ ಒತ್ತಬೇಕು ಅಣ್ಣ. ಎದೆ ಏಳೋದು ನೋಡು. ಎದ್ದ ತಕ್ಷಣ ಬಿಡು. ಅದು ಇಳೀಲಿ. ಮತ್ತೆ."

ಗ್ರೀಸ್ ಹಿಡಿದ ದೊಡ್ಡ ಕೈ. ನಟ್ ಬಿಗಿಯುವ ಕೈ. ಅದರಲ್ಲಿ ಆ ಬ್ಯಾಗ್ ಮಗುವಿನ ಚೆಂಡಿನ ಹಾಗೆ ಕಂಡಿತು. ಒತ್ತಿದ. ಬಿಟ್ಟ. ಒತ್ತಿದ. ಬಿಟ್ಟ. ಅವನ ಉಸಿರೂ ಅದರ ಜೊತೆಗೇ ಹೋಗುತ್ತಿತ್ತು. ನೀರು ಬೇಕಾ ಎಂದರೆ ತಲೆಯಾಡಿಸಿದ. ಶಾಲೆಯಿಂದ ಫೋನ್ ಬಂತು, ಜೇಬಿನಲ್ಲೇ ಬಡಿದುಕೊಂಡು ಸುಮ್ಮನಾಯಿತು. ನಾನು ಬೈಕಾರ್ಬನ್ನು ಹನಿ ಹನಿಯಾಗಿ ಬಿಟ್ಟೆ.

ಒಮ್ಮೆ ಮಾತ್ರ ಕೇಳಿದ, ಕಣ್ಣು ಎದೆಯ ಮೇಲಿಂದ ತೆಗೆಯದೆ. "ಆ ಟೈಲರಮ್ಮನ ನಾಯಿಗೂ ಹೀಗೇ ಆಯ್ತಾ?"

"ಅದಕ್ಕೆ ಇಷ್ಟೂ ಮಾಡೋಕೆ ಆಗ್ಲಿಲ್ಲ."

ಒತ್ತಿದ. ಬಿಟ್ಟ.

ಈಗ 7.21. ಕಾರ್ಬನ್ ಡೈಆಕ್ಸೈಡ್ ಇಳಿದಿದೆ. ಅಣ್ಣ ಇನ್ನೂ ಒತ್ತುತ್ತಿದ್ದಾನೆ. ಹತ್ತು ನಿಮಿಷ ಕಾಂಪೌಂಡರಿಗೆ ಕೊಡು ಎಂದರೆ ಕೊಡುವುದಿಲ್ಲ.

ಮಾರ್ಚ್ 15

ಬೆಳಗ್ಗೆ ಟ್ಯೂಬ್ ತೆಗೆದೆವು. ತಾನೇ ಉಸಿರಾಡುತ್ತಿದೆ. ಪಿಎಚ್ 7.30. ಕಣ್ಣು ಬಿಟ್ಟಿತು. ಅಣ್ಣನ ಬೆರಳು ಮೂಸಿ ನಾಲಿಗೆ ತಾಗಿಸಿತು. ಅವನು ಗೋಡೆಗೆ ತಿರುಗಿ ನಿಂತ. ಕಿರಿಯಳು ಕಣ್ಣೊರೆಸಿಕೊಂಡಳು.

ನಾನು ನೋಡುತ್ತಿದ್ದದ್ದು ಮೂತ್ರದ ಚೀಲ. ಖಾಲಿ.

ಡ್ರಿಪ್ ಹೆಚ್ಚಿಸಿದೆ. ಮೂತ್ರ ಬರಿಸುವ ಇಂಜೆಕ್ಷನ್ ಕೊಟ್ಟೆ. ಮತ್ತೆ ಕೊಟ್ಟೆ. ಪೈಪಿನೊಳಗೆ ನಿನ್ನೆಯದೇ ಒಂದು ಹನಿ, ಅಲ್ಲೇ ಕೂತಿದೆ. ಇನ್ನೂ ನೀರು ಕೊಟ್ಟರೆ ಎದೆಗೆ ಹೋಗುತ್ತದೆ. ಕೊಡದೆ ಇದ್ದರೆ ಏನು ಮಾಡಲಿ? ಪ್ರಾಣಿಗಳ ಡಯಾಲಿಸಿಸ್ ಎಲ್ಲಿದೆ ಎಂದು ಫೋನ್ ಮೇಲೆ ಫೋನ್. ಎಲ್ಲೂ ಇಲ್ಲ. ಪಾಠ ಹೇಳಿದ ಕಾಲೇಜಿಗೂ ಮಾಡಿದೆ. "ಹೊಟ್ಟೆ ಮೂಲಕ ತೊಳೆದು ನೋಡಿ, ಬೇರೆ ಏನೂ ಇಲ್ಲ" ಎಂದರು.

ತೊಳೆದೆವು. ಹೊಟ್ಟೆಯೊಳಗೆ ನೀರು ಬಿಡುವುದು, ಕಾಯುವುದು, ಈಚೆ ಹರಿಸುವುದು. ಎರಡು ಸಲ ಚೆನ್ನಾಗಿ ಬಂತು. ಮೂರನೆಯ ಸಲ ಪೈಪ್ ಕಟ್ಟಿಕೊಂಡಿತು. ಅಣ್ಣ ಇಸಿದುಕೊಂಡು ನೋಡಿದ. ಪೈಪ್ ಕಟ್ಟಿದರೆ ಬಿಡಿಸುವುದು ಅವನ ದಿನದ ಕೆಲಸ. ಅವನಿಂದಲೂ ಆಗಲಿಲ್ಲ.

ಮನೆಗೆ ಹೋಗಿಲ್ಲ. ಅತ್ತಿಗೆ ಇಬ್ಬರಿಗೂ ಊಟ ತಂದರು, ಇಬ್ಬರದೂ ಹಾಗೇ ಇದೆ.

ಮಾರ್ಚ್ 16

ಚೀಲ ಖಾಲಿ.

ಕಿಡ್ನಿ ಆಚೆ ಹಾಕಬೇಕಾದ ಕ್ರಿಯಾಟಿನಿನ್ ರಕ್ತದಲ್ಲಿ ನಿನ್ನೆಗಿಂತ ಎರಡು ಪಟ್ಟು. ನಾಲಿಗೆಯ ಅಂಚಿನಲ್ಲಿ ಹುಣ್ಣು. ಕಾಲು ಊದಿದೆ. ಬೆಳ್ಳಿಯ ಬಾಯಲ್ಲಿದ್ದ ಅದೇ ವಾಸನೆ. ಪಿಎಚ್ ಮತ್ತೆ ಇಳಿಯುತ್ತಿದೆ, ಈ ಸಲ ಕಿಡ್ನಿಯಿಂದ. ಇದರ ಹೆಸರು ಗೊತ್ತಿದೆ. ಗೊತ್ತಿದ್ದು ಏನು ಉಪಯೋಗ?

ಅಣ್ಣ ನೆಲದ ಮೇಲೆ ಗೋಡೆಗೊರಗಿ ಕೂತಿದ್ದ. ನಟ್ಟುವಿನ ತಲೆ ತೊಡೆಯ ಮೇಲೆ.

"ಇವನಿಗೆ ನೋವಾಗ್ತಿದ್ಯಾ?"

"ಹೂಂ."

"ಇನ್ನೊಂದಿನ ಕಾದ್ರೆ?"

"ಇನ್ನೂ ಜಾಸ್ತಿ ಆಗತ್ತೆ ಅಣ್ಣ. ಕಿಡ್ನಿ ತುಂಬ ಹರಳು. ಬಿಡಿಸೋಕಾಗಲ್ಲ."

ತುಂಬ ಹೊತ್ತು ಅದರ ಕಿವಿ ಸವರಿದ. ಆಮೇಲೆ, "ನೀನೇ ಮಾಡು. ಬೇರೆಯವರ ಕೈಲಿ ಬೇಡ."

ಮಾಡಿದೆ. ಈಗ ಮನೆಗೆ ಬಂದು ಮಂಚದ ಮೇಲೆ ಕೂತಿದ್ದೇನೆ, ಬಟ್ಟೆಯಲ್ಲಿ ಇನ್ನೂ ಅದರ ಕೂದಲು.

ಮಾರ್ಚ್ 18

ನಿನ್ನೆ ಏನೂ ಬರೆಯಲಿಲ್ಲ.

ಇವತ್ತು ರಜೆ ಹಾಕಿದೆ. ಹತ್ತು ಗಂಟೆಗೆ ಅಣ್ಣ ಮಹಡಿಗೆ ಬಂದ. ಅವನು ಮೇಲೆ ಬರುವುದೇ ಅಪರೂಪ, ಮಂಡಿ ನೋವು. ಕುರ್ಚಿ ಎಳೆದುಕೊಟ್ಟೆ. ಕೂರಲಿಲ್ಲ.

"ಚಿಂದಿ ಎಲ್ಲ ಮೂಟೆ ಕಟ್ಟಿಸ್ದೆ. ನಗರಸಭೆಯ ಹೆಲ್ತ್ ಆಫೀಸಿಗೆ ಹೋಗಿ ಬಂದೆ. ಮೋರಿಗೆ ಬಿಟ್ಟದ್ದು ನಾನೇ ಅಂತ ಬರ್ಕೊಟ್ಟೆ. ನಾಳೆ ಬಂದು ನೋಡ್ತಾರಂತೆ."

"ಶಾಲೆಯವರು?"

"ಹೇಳ್ದೆ. ಸದ್ಯಕ್ಕೆ ಬಸ್ ಕಳ್ಸಲ್ಲ ಅಂದ್ರು." ಕಿಟಕಿಯಾಚೆ ನೋಡಿದ. "ಆ ಟೈಲರಮ್ಮಂಗೆ ನೀನು ಏನಂತ ಹೇಳಿದೀಯ?"

"ಬಂದು ಕೇಳಿದ್ರು. ಇನ್ನೂ ಗೊತ್ತಾಗಿಲ್ಲ ಅಂದೆ."

"ಯಾಕೆ?"

"ನಿನಗೋಸ್ಕರ."

ಅವನು ಬಯ್ಯುತ್ತಾನೆ ಎಂದುಕೊಂಡೆ. ಬಯ್ಯಲಿಲ್ಲ. ಮೆಟ್ಟಿಲ ಕಂಬಿ ಹಿಡಿದುಕೊಂಡ. ಒಂದೇ ವಾರದಲ್ಲಿ ಅವನ ಕೆನ್ನೆ ಒಳಗೆ ಹೋಗಿದೆ.

"ತನ್ನ ಅನ್ನದಿಂದ ಸತ್ತಿತು ಅಂದ್ಕೊಂಡಿದಾರೆ ಅಣ್ಣ. ಅಡುಗೆ ಮಾಡೋಕೂ ಹೆದರ್ತಿದಾರೆ. ನಾನು ಅದನ್ನೂ ಬಿಡಿಸಿ ಹೇಳಲಿಲ್ಲ."

"ನಾಳೆ ಹೋಗೋಣ. ಕಾರು ನೀನು ಓಡ್ಸು. ನಂಗೆ ನಿದ್ದೆ ಇಲ್ಲ."

ಇಳಿದು ಹೋದ. ಅರ್ಧ ಮೆಟ್ಟಿಲಲ್ಲಿ ನಿಂತು, ತಿರುಗದೆ, "ಊಟ ಮಾಡು ಪುಟ್ಟಿ" ಎಂದ.

ಮಾರ್ಚ್ 19, ಬೆಳಗ್ಗೆ 10

ಟೈಲರಮ್ಮನ ಮನೆ ಎದುರು, ಕಾರಿನಲ್ಲಿ. ನೀನು ಇಲ್ಲೇ ಇರು, ಮೊದಲು ನಾನು ಹೇಳ್ತೀನಿ ಎಂದು ಇಳಿದ. ಸುಮ್ಮನೆ ಕೂರಲು ಆಗುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಒಗೆದ ಅಂಗಿ ಹಾಕಿದ್ದಾನೆ. ಉಗುರಿನ ಗ್ರೀಸ್ ತಿಕ್ಕಿ ತಿಕ್ಕಿ ಬೆರಳ ತುದಿ ಕೆಂಪಾಗಿದೆ. ಬಾಗಿಲು ತಟ್ಟಿದ. ಒಳಗೆ ಮೆಷಿನ್ ಸದ್ದು ನಿಂತಿತು.

ತೆಗೆದರು. ಕತ್ತಿಗೆ ಅಳತೆ ಟೇಪು. ಅಂಗಿ ಹೊಲಿಸಲು ಬಂದವನು ಎಂದುಕೊಂಡಿರಬೇಕು, ಅವನ ಭುಜ ನೋಡುತ್ತಿದ್ದಾರೆ. ಒಳಗೆ ಬನ್ನಿ ಎಂದು ಕೈ ತೋರಿಸಿದರು. ಅವನು ಹೋಗಲಿಲ್ಲ. ಹೊಸ್ತಿಲಾಚೆಯೇ ನಿಂತು ಹೇಳುತ್ತಿದ್ದಾನೆ. ಮಾತು ಕೇಳಿಸುತ್ತಿಲ್ಲ. ಕೈ ಮಾತ್ರ ಕಾಣುತ್ತದೆ — ಮೋರಿಯ ಕಡೆ ತೋರಿಸಿತು, ಆಮೇಲೆ ತನ್ನ ಎದೆಗೆ.

ಟೈಲರಮ್ಮ ಟೇಪು ತೆಗೆದು ಬೆರಳಿಗೆ ಸುತ್ತುತ್ತಿದ್ದಾರೆ. ಸುತ್ತುತ್ತಲೇ ಇದ್ದಾರೆ. ಅಣ್ಣ ಮಾತು ಮುಗಿಸಿ ತಲೆ ತಗ್ಗಿಸಿದ. ಅವರು ಏನೋ ಕೇಳಿದರು. ಅವನು ಕಾರಿನ ಕಡೆ ತಿರುಗಿದ.

ಈಗ ಅವರೂ ನೋಡುತ್ತಿದ್ದಾರೆ. ನನ್ನನ್ನೇ. ಗುರುತು ಹಿಡಿದರು. ಬಾಗಿಲು ಹಾಕಿಕೊಳ್ಳಲಿಲ್ಲ. ಮೆಟ್ಟಿಲಿಳಿದು ಈ ಕಡೆಗೇ ಬರುತ್ತಿದ್ದಾರೆ. ನಾನೇ ಇಳಿಯಬೇಕು, ಅವರು ಬರುವ ಮೊದಲೇ. ನಿಮ್ಮ ಅನ್ನದಿಂದಲ್ಲ, ಗೊತ್ತಿದ್ದೂ ಹೇಳಲಿಲ್ಲ ಎಂದು ನನ್ನ ಬಾಯಿಂದಲೇ ಹೇಳಬೇಕು.